ಉಳಿಕೆ ಮೂರೂವರೆ ಗ್ರಾಂ

ವಿಮಾನ ಇಳಿಯದ ಊರು ನಮ್ಮದು.
ಆದರೂ ವಿಮಾನ ನಿಲ್ದಾಣದ ಅನುಮಾನಗಳು
ಅರಗಿನ ಮುದ್ರೆ ಒತ್ತಿಸಿಕೊಂಡು,
ಕಾನ್‌ಸ್ಟೇಬಲ್ ಒಬ್ಬನ ತೊಡೆಯ ಮೇಲೆ ಕೂತು
ರಾತ್ರಿ ರೈಲಿಗೆ ಬರುತ್ತವೆ ದಾವಣಗೆರೆಗೆ,
ರಾಜಧಾನಿಯ ಲ್ಯಾಬಿನಲ್ಲಿ ಜಾಗ ಸಾಲದೆ.

ಇದರ ನಂಬರು ಆರುನೂರ ಹನ್ನೆರಡು.
ಒಂಬತ್ತು ವಾರ ಕಪಾಟಿನಲ್ಲಿ ಸರದಿಗೆ ಕಾದಿತ್ತು.

ಮಹಜರಿನ ಮೂರನೇ ಪ್ರತಿ ಓದಿದೆ, ಕಾರ್ಬನ್ ಮಸುಕು.
ಪರದೆಯ ಮೇಲೆ ಕಿತ್ತಳೆ ಬಣ್ಣದ ಗಡ್ಡೆಯೊಂದು ಕಂಡು
ಬೆಲ್ಟು ನಿಂತಿತಂತೆ. ಹಿಂದಕ್ಕೆ ಸರಿದು, ಮತ್ತೆ ಮುಂದಕ್ಕೆ.
"ಈ ಬ್ಯಾಗು ಯಾರದ್ದು?"
"ನಂದೇ ಸಾಹೇಬ್ರೆ," ಅಂದಳು ಸೆರಗು ತಲೆಗೆಳೆದುಕೊಂಡು.
(ಸೆರಗಿನ ವಿಷಯ ಮಹಜರಿನಲ್ಲಿಲ್ಲ, ನಾನು ಸೇರಿಸಿದ್ದು.)
ಜಿಪ್ಪು ಒರೆಸಿದ ಬಟ್ಟೆಚೂರನ್ನು ಯಂತ್ರಕ್ಕೆ ಕೊಟ್ಟರು;
ಯಂತ್ರ ಸುಮ್ಮನಿತ್ತು. ನಾಯಿ ತಂದರು.
ನಾಯಿ ಕೂತಿತು.
ಕೂತರೆ ಇದೆ ಎಂದರ್ಥ.
ದಣಿದಿತ್ತೋ ಏನೋ, ಯಾರೂ ಕೇಳಿಲ್ಲ.

ಪಂಚರು: ಟ್ರಾಲಿ ತಳ್ಳುವ ಹುಡುಗ, ಕಾಫಿ ಕೌಂಟರಿನವನು.
ಸ್ಟೀಲು ಡಬ್ಬಿ, ಮಲ್ಲು ಬಟ್ಟೆಯ ಗಂಟು, ಮಾಸಲು ಪುಡಿ.
ಹೆಸರು ಜೈತುನ್‌ಬಿ, ವಯಸ್ಸು ಐವತ್ತಾರು,
ಮಗಳ ಬಾಣಂತನಕ್ಕೆ ದಮ್ಮಾಮಿಗೆ ಹೊರಟವಳು.
ವಾಸ: ಮಂಡಕ್ಕಿ ಭಟ್ಟಿ ಹಿಂದೆ, ದಾವಣಗೆರೆ.

ಅಂದರೆ ಈ ಪುಡಿ ಇಲ್ಲಿಂದಲೇ ಹೋಗಿ
ಇಲ್ಲಿಗೇ ಬಂದಿದೆ, ಪೊಲೀಸ್ ಕಾವಲಿನಲ್ಲಿ.
ಅವಳು ಮಾತ್ರ ಬಂದಿಲ್ಲ.

ಮುದ್ರೆ ಒಡೆದೆ.
ಒಡೆದ ಗಳಿಗೆಗೇ ಗೊತ್ತಾಯಿತು ನನಗೆ.
ಬಜೆ. ಜಾಜಿಕಾಯಿ. ಅಳಲೆ. ಚೂರು ಹಿಪ್ಪಲಿ.
ನಮ್ಮವ್ವ ಸಾಣೆಕಲ್ಲಿನ ಮೇಲೆ ಎದೆಹಾಲಲ್ಲಿ ಕಲಸಿ
ನನ್ನ ಮಗನ ನಾಲಿಗೆಗೆ ಸವರಿದ್ದು ಇದನ್ನೇ,
ಅವನು ಮುಖ ಕಿವುಚಿ ಓಣಿಯನ್ನೆಲ್ಲ ಎಬ್ಬಿಸಿದ್ದು ಇದಕ್ಕೇ.

ಆದರೆ ನಾಯಿಯ ಮೂಗು ಹಿಡಿಯಲಿಕ್ಕೆ ಸಾಕು,
ನನ್ನ ಮೂಗು ಬಿಡಿಸಲಿಕ್ಕೆ ಸಾಲದು.

ಹನಿ ಹಾಕಿದೆ. ನೇರಳೆ ಆಗಬಹುದಿತ್ತು, ಆಗಲಿಲ್ಲ.
ಹಳೇ ಚಹಾದ ಬಣ್ಣಕ್ಕೆ ಬಂದು ನಿಂತಿತು.
ದೊಡ್ಡ ಯಂತ್ರಕ್ಕೂ ಕೊಟ್ಟೆ, ನಡುವೆ ಕರೆಂಟು ಹೋಗಿ, ಎರಡು ಸಲ.
ಏಳಬಾರದ ಜಾಗದಲ್ಲಿ ಗೆರೆ ಏಳಲಿಲ್ಲ.
ಬೇರೆ ಕಡೆ ಒಂದು ಗುಡ್ಡ ಎದ್ದಿತು;
ಅದಕ್ಕೆ ನಮ್ಮ ಪಟ್ಟಿಯಲ್ಲಿ ಹೆಸರಿಲ್ಲ.

ಏನಲ್ಲ ಅಂತ ಬರೆಯಬಹುದು.
ಏನು ಅಂತ ಬರೆಯುವ ಹಾಗಿಲ್ಲ, ಯಾರೂ ಕೇಳಿಲ್ಲ.
"ಮಾದಕ ವಸ್ತು ಪತ್ತೆಯಾಗಿಲ್ಲ."
ಮಾದರಿ ಐದು ಗ್ರಾಂ, ಪರೀಕ್ಷೆಗೆ ಖರ್ಚಾದದ್ದು ಒಂದೂವರೆ.
ಒಂಬತ್ತು ವಾರಕ್ಕೆ ಕಾಲಮ್ಮಿಲ್ಲ.
ಉಳಿಕೆ ಮೂರೂವರೆ. ಮತ್ತೆ ಅರಗು ಕರಗಿಸಿ ಮುದ್ರೆ.

ಸಂಜೆ ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು.
ಸ್ಕೂಟಿ ಆಫ್ ಮಾಡಿ ನಿಂತೆ. ಭಟ್ಟಿಗಳ ಕಡೆಯಿಂದ ಹೊಗೆ,
ಸುಟ್ಟ ಹೊಟ್ಟಿನ ಕರಿ ಚೂರು, ಹುರಿದಕ್ಕಿಯ ವಾಸನೆ.
ಗ್ಲೌಸು ಹಾಕಿದ್ದರೂ ಬೆರಳಲ್ಲಿ ಬಜೆಯ ಘಾಟು.
ಆ ಕೂಸು ಇಷ್ಟೊತ್ತಿಗೆ ಬೋರಲು ಬೀಳುತ್ತಿರಬೇಕು,
ತೊಡೆ ತಟ್ಟಿ ನಗುವವರು ಯಾರಿದ್ದಾರೋ.
ರೈಲು ಹೋಯಿತು.
ಹಿಂದಿನ ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ.