ತೂಕದಿಂದ ಕಳೆದದ್ದು

ಬಂದರಿನ ಗುಜರಿ ಅಂಗಡಿಯಲ್ಲಿ ಹಮ್ಮಬ್ಬ
ಮೊದಲು ಕೇಳಿದ್ದು, "ಇದು ಆನ್ ಆಗ್ತದಾ?"
ಆಗ್ತದೆ, ಅಂದೆ. ಕೆಂಪು ದೀಪ ಬರ್ತದೆ.
"ದೀಪ ಬಂದರೆ ಸಾಲದು ಮಾರಾಯ್ರೆ,
ದೀಪ ನನ್ನ ಸ್ಕೂಟರಿನದ್ದೂ ಬರ್ತದೆ."

ಗೋಣಿಯಿಂದ ತೆಗೆದು ತಕ್ಕಡಿಯಲ್ಲಿಟ್ಟ.
ನಾಲ್ಕು ಕಿಲೋ ಒಂಬೈನೂರು.
ಬೋಳಾರದ ನನ್ನ ಗೇಮ್ ಅಂಗಡಿಯಲ್ಲಿ
ಅರ್ಧ ಗಂಟೆಗೆ ಇಪ್ಪತ್ತು ರೂಪಾಯಿಯಂತೆ
ಎಂಟು ವರ್ಷ ಓಡಿದ ಡಬ್ಬ.
ಎಷ್ಟು ಕಾರು ಗುದ್ದಿತ್ತು, ಎಷ್ಟು ಗೋಲು ಹೊಡೆದಿತ್ತು,
ತೂಕದಲ್ಲಿ ಒಂದೂ ತೋರಲಿಲ್ಲ.
ರಿಮೋಟಿನ ಗುಂಡಿಗಳಲ್ಲಿ ಗೋಳಿಬಜೆಯ ಎಣ್ಣೆ ಮಾತ್ರ
ಇನ್ನೂ ಬೆರಳಿಗೆ ಅಂಟುತ್ತಿತ್ತು.

"ಪ್ಲಾಸ್ಟಿಕ್ಕಿಗೆ ಒಂದು ರೇಟು, ಬೋರ್ಡಿಗೆ ಬೇರೆ.
ಬಿಚ್ಚಿ ನೋಡಿ ಹೇಳ್ತೇನೆ."
ಒಳಗೆ ಚಿನ್ನ ಉಂಟಂತೆ, ಅಂದೆ.
"ಉಂಟು. ಇಂಥ ಸಾವಿರ ಡಬ್ಬ ಅರೆದರೆ
ನನ್ನ ಮಗಳ ಮೂಗಿಗೆ ಒಂದು ಬೊಟ್ಟು."

ಹನ್ನೊಂದು ಸ್ಕ್ರೂ. ಒಂದೊಂದನ್ನೂ ತೆಂಗಿನ ಚಿಪ್ಪಿಗೆ ಹಾಕಿದ.
ಮುಚ್ಚಳ ಎದ್ದಾಗ ನನ್ನ ಅಂಗಡಿಯದೇ ವಾಸನೆ,
ಬಿಸಿ ಧೂಳು, ಜೂನಿನ ಒದ್ದೆ ಯೂನಿಫಾರ್ಮು.
ಹಲ್ಲಿಯ ಮೊಟ್ಟೆ ಎರಡು, ಖಾಲಿ.
ಮತ್ತೆ, ಡಿಸ್ಕು ನುಂಗುವ ಬಾಯಿಯ ಹಿಂದಿನಿಂದ
ಇಕ್ಕಳದಲ್ಲಿ ಎಳೆದ:
ಐದು ರೂಪಾಯಿಯ ದಪ್ಪ ನಾಣ್ಯ,
ಅದಕ್ಕೆ ತಾಗಿಕೊಂಡು
ಒಂದು ಕೆಂಪು ಟಿಕ್‌ಟಿಕ್ ಪಿನ್ನು.

"ಯಾರೋ ಹುಂಡಿ ಅಂತ ಮಾಡಿದ್ದಾರೆ," ನಕ್ಕ ಹಮ್ಮಬ್ಬ.

ಚಾರ್ವಿಗೆ ಆಗ ಎರಡೂವರೆ.
ಗಲ್ಲೆಯ ಪಕ್ಕ ಕೂರಿಸಿದರೆ ಸಂದು ಕಂಡಲ್ಲೆಲ್ಲ
ಏನಾದರೂ ತುರುಕುವಳು,
ಬಾಗಿಲ ಬೀಗಕ್ಕೆ ಕಡಲೆ,
ಸ್ಪೀಕರಿನ ತೂತಿಗೆ ಬೆಂಕಿಕಡ್ಡಿ.
ಗೊತ್ತಿತ್ತು. ಗೊತ್ತಿದ್ದೂ
ಆ ಸಂಜೆ ಡಿಸ್ಕು ಕರಕರ ಅಂದು ನಿಂತಾಗ
ನಾನು ಹಿಡಿದದ್ದು ಯತಿನನ ಕೈ.
ಬೆಂಗರೆಯ ಹುಡುಗ, ಹೊಳೆ ದಾಟಿ ಬರುವವ,
ಸೋತರೆ ಡಬ್ಬಕ್ಕೆ ಒಂದು ಬಡಿಯುವ ಚಾಳಿಯವ.
"ನಾನಲ್ಲ ಅಣ್ಣ," ಅಂದ. ಒಂದೇ ಸಲ.
ಎರಡನೇ ಸಲ ಹೇಳಿದ್ದರೆ ನಂಬುತ್ತಿದ್ದೆನೋ ಏನೋ.
ಇಲ್ಲ, ಅದೂ ಸುಳ್ಳು.

ಮರುದಿನ ಅವನ ತಾಯಿ ಜಲಜಕ್ಕ
ಮೀನಿನ ಬುಟ್ಟಿ ಹೊರಗಿಟ್ಟು ಒಳಗೆ ಬಂದರು.
ಸಾವಿರದೈನೂರು, ಮೂರು ಕಂತು.
ನೋಟು ಒದ್ದೆಯಿತ್ತು ಅಂತ ಬಿಸಿಲಿಗೆ ಹಾಕಿ
ಹಾರದಂತೆ ಮೇಲೆ ಸ್ಟೇಪ್ಲರ್ ಇಟ್ಟದ್ದು ನೆನಪುಂಟು.
ಕೊನೆಯ ಕಂತಿನ ದಿನ ನಾಲ್ಕು ಬಂಗುಡೆಯನ್ನೂ ಕೊಟ್ಟರು,
ಹುಡುಗನದ್ದು ತಪ್ಪಾಯ್ತು ಅಂತ.
ಹುರಿದು ತಿಂದೆವು.

ರಿಪೇರಿ ಮಾಡಿಸಲೇ ಇಲ್ಲ ನಾನು.
ದುಡ್ಡು ಕರೆಂಟು ಬಿಲ್ಲಿಗೆ ಹೋಯ್ತು, ಎರಡು ತಿಂಗಳಿದ್ದು.
ಡಿಸ್ಕಿಲ್ಲದೆ, ಹೊಟ್ಟೆಯಲ್ಲಿ ತುಂಬಿಸಿಟ್ಟ ಆಟಗಳಲ್ಲೇ
ಮತ್ತೆ ಆರು ವರ್ಷ ದುಡಿಯಿತು ಡಬ್ಬ,
ಈ ನಾಣ್ಯವನ್ನು ಗಂಟಲಲ್ಲಿ ಇಟ್ಟುಕೊಂಡೇ.

"ಆರುನೂರ ಐವತ್ತು," ಅಂದ ಹಮ್ಮಬ್ಬ.
ನಾನು ಚೌಕಾಸಿ ಮಾಡಲಿಲ್ಲ. ಅವನಿಗೇ ಸಂಶಯ ಬಂದು
ಇಪ್ಪತ್ತು ಸೇರಿಸಿದ.
ನಾಣ್ಯ, ಪಿನ್ನು ಎರಡನ್ನೂ ನನ್ನ ಅಂಗೈಗೆ ಹಾಕಿ,
"ಇದನ್ನು ತೂಕದಿಂದ ಕಳೆದಿದ್ದೇನೆ," ಅಂದ.
"ನಿಮ್ಮದು ನಿಮಗೆ."

ಹೊರಗೆ ದಕ್ಕೆ, ಮಂಜುಗಡ್ಡೆ ಸೋರುವ ಲಾರಿ.
ಆಚೆ ದಡದಲ್ಲಿ ಬೆಂಗರೆ, ಎಷ್ಟು ಹತ್ತಿರ ಅಂದರೆ
ಒಣಗಲು ಹಾಕಿದ ಬಟ್ಟೆಗಳ ಬಣ್ಣ ಹೇಳಬಹುದು.
ಯತಿನನಿಗೆ ಈಗ ಇಪ್ಪತ್ತೋ ಇಪ್ಪತ್ತೊಂದೋ.
ಹೋಗಿ ಏನು ತೋರಿಸುವುದು, ನಾಣ್ಯವೋ, ಪಿನ್ನೋ?
ಪಿನ್ನು ತೋರಿಸಿದರೆ ಮಗಳ ಹೆಸರು ಹೇಳಬೇಕಾಗ್ತದೆ.
ಹೇಳದಿದ್ದರೆ ಮತ್ತೆ ಯಾಕೆ ಹೋಗುವುದು.

ದೋಣಿ ಬಂದು ತಾಗಿತು. ಇಳಿಯುವವರು ಇಳಿದರು.
ಬೈಕೊಂದನ್ನು ಇಬ್ಬರು ಎತ್ತಿ ಒಳಗಿಟ್ಟರು.
ಟಿಕೇಟಿನವ ನನ್ನ ಅಂಗೈ ನೋಡಿದ.
"ಐದು ಸಾಲದು," ಅಂದ, "ಈಗ ಹತ್ತು.
ಬರ್ತೀರಾ?"