ಸುರಮಾಳ ಹೊಟ್ಟಿಗೆ ಕಿವಿಯಿಟ್ಟು

ಬೆಟಗೇರಿಯಿಂದ ಬಿಂಕದಕಟ್ಟಿ ದಾರಿಯೊಳಗ
ಕದ ಇದ್ದ ಸಂಡಾಸು ಎಲ್ಲೆಲ್ಲಿ ಅದಾವು, ನನಗ ಬಾಯಿಪಾಠ.
ಪೆಟ್ರೋಲ್ ಬಂಕಿನ ಹಿಂದೊಂದು, ಚಿಲಕಿಲ್ಲ.
ಸಕ್ರವ್ವನ ಖಾನಾವಳಿಯಾಗೊಂದು, ಕೇಳಿದರ ಕೀಲಿ ಕೊಡತಾಳ.
ಅಲ್ಲಿಂದ ಮುಂದ ಬರೇ ಎರಿ ಹೊಲ.
ಹತ್ತಿ ಗಿಡ ಇನ್ನೂ ಮೊಣಕಾಲಿಗೆ ಬಂದಿಲ್ಲ,
ಮರೆ ಅಂಬೋದು ಇಲ್ಲ.

ಆರು ವರ್ಷದಿಂದ ನನ್ನ ಊರಿನ ನಕಾಶಿ ಇಷ್ಟ.

ಇವತ್ತು ದಾವಲಸಾಬ ಕಾಕಾ ಜೀನು ಬಿಗೀತಾನ.
"ಭಾಳ ದಿನಕ್ಕ ಬಂದ್ರಿ, ಟೀಚರ."
ಸೊರಗಿದ್ದು ಕೇಳಲಿಲ್ಲ, ನಡುವ ಮಾರಿ ಬಾತದ್ದೂ ಕೇಳಲಿಲ್ಲ.
ನಾನೂ ಹೇಳಲಿಲ್ಲ:
ನಸುಕಿನ ನಾಲ್ಕಕ್ಕ ಎದ್ದೀನಿ,
ಎರಡು ಸಲ ಹೋಗಿ, ಮೂರನೇ ಸಲ ಸುಮ್ಮನ ಕುಂತು ಖಾತ್ರಿ ಮಾಡಿಕೊಂಡು
ಮೊಸರನ್ನ ನಾಲ್ಕು ತುತ್ತು,
ಇಟ್ಟಂಗಿ ಬಣ್ಣದ ಉದ್ದನ್ನ ಗುಳಿಗಿ ಎರಡು.
ಕರೀ ಪ್ಯಾಂಟು. ಚೀಲದಾಗ ಇನ್ನೊಂದು ಕರೀ ಪ್ಯಾಂಟು.
ಗದಗಿನಾಗ ಹುಟ್ಟಿ ಮಿರ್ಚಿ ಬಿಟ್ಟಾಕಿ ನಾನು,
ಇದಕ್ಕಿಂತ ದೊಡ್ಡ ಸನ್ಯಾಸ ಯಾವದದ?

ಹುಬ್ಬಳ್ಳಿ ಡಾಕ್ಟರು ಒಳಗ ಕ್ಯಾಮೆರಾ ಬಿಟ್ಟು
ನನ್ನ ಕರುಳು ನನಗ ತೋರಿಸಿದ್ದರು:
ಕೆಂಪು, ಹಸಿ, ಅಲ್ಲಲ್ಲಿ ಹಕ್ಕಳಿ ಎದ್ದ ಗೋಡಿ.
"ವಾಸಿ ಆಗೂದಲ್ಲ ಇದು, ಮಲಗಿಸಬಹುದು" ಅಂದರು,
ಕೂಸಿನ ಮಾತು ಆಡಿದಂಗ.
ಅವತ್ತಿನಿಂದ ತೂಗತೀನಿ.
ಹತ್ತನೇತ್ತಾ ಪಾಠದ ನಡುವ ಸೀಮೆಸುಣ್ಣ ಇಟ್ಟು ಓಡೀನಿ,
ಹುಡುಗೂರು ನಗಲಿಲ್ಲ.
ನಕ್ಕಿದ್ದರ ಛಲೋ ಇತ್ತು.

ಏರೂ ಮೊದಲು ಕಾಕಾ ಸುರಮಾಳ ಪಕ್ಕಡಿಗೆ ಕಿವಿ ಹಚ್ಚಿದ.
ಈ ಬದಿ. ಆಮ್ಯಾಲ ಆ ಬದಿ.
"ಏನ ಕೇಳತೀ ಕಾಕಾ?"
"ಗುಡುಗುಡು ಅನಬೇಕ್ರಿ. ಅಂದರ ಬರೋಬ್ಬರಿ.
ಸುಮ್ಮನಾತು ಅಂದರ ನನ್ನ ಎದಿ ಝಲ್ ಅಂತದ.
ಕುದರಿ ಸಾಯೂದು ಕಾಲಿಂದ ಅಲ್ರಿ, ಕರುಳಿಂದ.
ಇಕಿ ಅವ್ವ, ನೀವು ಕಲತದ್ದು ಅಕಿ ಮ್ಯಾಲ ಅಲ್ಲೇನ್ರಿ,
ಹಂಗ ಹೋದಳು, ಒಂದ ರಾತ್ರಿಯಾಗ.
ವಾಂತಿ ಮಾಡಲಿಕ್ಕೂ ಬರೂದಿಲ್ಲ ಪಾಪ ಈ ಜಾತಿಗೆ."

ಗಾಳಿಗೆ ಮಾರಿ ಕೊಟ್ಟು ನಿಂತ ಇಷ್ಟು ದೊಡ್ಡ ಜೀವ
ಹೊಟ್ಟಿಗೆ ಅಂಜಿ ಬದುಕತದ ಅಂತ
ಹದಿನೈದನೇ ವಯಸ್ಸಿನಾಗ ಯಾರೂ ಹೇಳಿರಲಿಲ್ಲ ನನಗ.
ನಾನೂ ಕಿವಿಯಿಟ್ಟೆ.
ಬೆಚ್ಚನ್ನ ಕೂದಲು, ಬೆವರು, ಕಣಿಕಿ ವಾಸನಿ.
ಒಳಗ, ದೂರದಾಗ,
ಗೂಡ್ಸ್ ಗಾಡಿ ಜಂಕ್ಷನ್ ದಾಟಿದಂಥ ಸಪ್ಪಳ.

ಹತ್ತಿದೆ. ಕಲ್ಲಿನ ಮ್ಯಾಲ ನಿಂತು, ಎರಡನೇ ಸಲಕ್ಕ.
ತೊಡಿ ಮರತಿರಲಿಲ್ಲ, ಉಸಿರು ಮರತಿತ್ತು.
ನಡಿಗಿ ಸಾಕು ಅಂದೆ. ನಡಿಗಿ ಅಂದರೂ
ಕೆಳಹೊಟ್ಟಿಯಾಗ ತುಂಬಿದ ಕೊಡ ಒಂದು ತುಳುಕತದ;
ಒಂದು ಕೈ ಲಗಾಮಿಗೆ, ಒಂದು ಕೈ ಅದಕ್ಕ.
ಕಪ್ಪತಗುಡ್ಡ ದೂರದಾಗ ನೀಲಿ ಗೀಟು.
ಗಾಳಿಯಂತ್ರ ಒಂದ ತಿರಗತಿತ್ತು,
ಉಳಿದವು ನೋಡಕೋತ ನಿಂತಿದ್ದವು.

ಬೇವಿನ ಗಿಡದ ತನಕ ಹೋಗಿರಬೇಕು,
ಬಂತು.
ಅದ ಹಳೇ ಹಿಂಡು, ಕುತ್ತಿಗಿ ಹಿಂದ ತಣ್ಣನ್ನ ಬೆವರು.
ಗಣಿತದ ಟೀಚರ ಲೆಕ್ಕಾ ಹಾಕಿದೆ:
ಖಾನಾವಳಿಗೆ ಒಂಬೈನೂರು ಹೆಜ್ಜಿ, ಕುದರಿಯವು.
ನನಗ ಉಳದದ್ದು ನೂರೋ, ಇನ್ನೂರೋ.

ಆಗ ಸುರಮಾ, ನಿಲ್ಲದ, ನಾಚದ,
ಬಾಲ ಎತ್ತಿ ನಡಕೋತನ ಹಾಕಿದಳು
ಧಪ್ ಧಪ್, ಹಬಿ ಆಡೋ ಹಸರು ಉಂಡಿ
ನಟ್ಟನಡು ಹಾದಿಯಾಗ.
ಎದುರು ಬಂದ ಸೈಕಲ್ಲಿನಂವ ತುಸು ಸರದು ಹೋದ,
ಬೀಡಿ ಸುದ್ದಾ ಬಾಯಿಂದ ತೆಗೀಲಿಲ್ಲ.
ಹಿಂದಿಂದ ಕಾಕಾನ ಖುಷಿ: "ಶಾಬಾಸ್ ಬೇಟಿ!"

ಯಾರಿಗೆ ಅಂದನೋ.

ನಗು ಬಂತು. ನಗಲಿಕ್ಕೂ ಅಂಜಿಕಿ,
ಎಲ್ಲಿ ಕೈ ಬಿಡತದೋ ಅಂತ.
ನಕ್ಕೆ.
ಹಿಂಡು ಒಂದು ಸುತ್ತು ತಿರುಗಿ, ನಾಯಿ ಕುಂತಂಗ ಕುಂತಿತು.
ಹೋಗಲಿಲ್ಲ; ಕುಂತಿತು.

ಇಳದ ಮ್ಯಾಲ ಸಕ್ರವ್ವನ ಕೀಲಿ ಇಸಗೊಂಡು ಹೋಗಿ ಬಂದೆ.
ರಾತ್ರಿ ಡಾಕ್ಟರ ವಹಿಯಾಗ ಬರದೆ:
ರವಿವಾರ. ನಾಲ್ಕು ಸಲ. ರಕ್ತ, ಅರ್ಧ ಚಮಚ.
ಕುದರಿ, ಹತ್ತೊಂಬತ್ತು ನಿಮಿಷ.