ತಲೆ ಜೋಪಾನ

ಈ ಊರಲ್ಲಿ ಬಾಗಿಲಿಗೆ ಬಣ್ಣ ಬಳಿಯಲೂ
ಅಪ್ಪಣೆ ಬೇಕು.
ಹಸಿರು ಅಂದೆ. ಯಾವ ಹಸಿರು ಅಂದರು.
ಏಳು ತಿಂಗಳು ಹಿಡಿಯಿತು ಅದೊಂದಕ್ಕೆ.

ಜೀನು ಹೊಲಿಯುವವನ ಅಂಗಡಿಯಾಗಿತ್ತು ಇದು,
ಡರ್ಬಿಶೈರಿನ ಸುಣ್ಣಕಲ್ಲಿನ ಗೋಡೆ.
ಕುದುರೆಗಳು ಹೋಗಿ ನೂರು ವರ್ಷ,
ಮಳೆ ಬಂದರೆ ಚರ್ಮದ ವಾಸನೆ ಇನ್ನೂ ಏಳುತ್ತದೆ.
ಮೊಳೆ ಹೊಡೆಯಕೂಡದು, ಚೌಕಟ್ಟು ಎತ್ತರಿಸಕೂಡದು,
ಕಿಟಕಿಯ ಸೊಟ್ಟ ಗಾಜು ಸೊಟ್ಟಗೇ ಇರಬೇಕು:
ಕಾಗದದ ಮೇಲೆ ಕಾಗದ ಬರೆದ ಕ್ಲೆಮೆಂಟ್ ಆಲ್ಸಪ್,
ಎದುರು ಮನೆಯವನು,
ಬೀದಿಯಲ್ಲಿ ಸಿಕ್ಕರೆ ಮೋಡದ ಮಾತಷ್ಟೇ ಆಡುವವನು.

ಐದಡಿ ಒಂದಂಗುಲ ಬಾಗಿಲು.
ತಂಗಿ ಹಿಲ್ಡಾ ಸೀಮೆಸುಣ್ಣದಲ್ಲಿ ಬರೆದಳು,
ತಲೆ ಜೋಪಾನ.

ಶುಕ್ರವಾರ ಆರಕ್ಕೆ ಬೀಗ ತೆಗೆದೆ.
ಎಂಟು ಸ್ಟೂಲು, ಎರಡು ಪೀಪಾಯಿ, ಉಪ್ಪು ಶೇಂಗಾ.
ಚಿಲ್ಲರೆ ತರುವುದೇ ಮರೆತಿತ್ತು.
ಚರ್ಚಿನಲ್ಲೂ ಬೆನ್ನು ಬಗ್ಗಿಸದ ಮಂದಿ
ಒಬ್ಬೊಬ್ಬರೇ ಬಗ್ಗಿ ಬಂದರು:
ಅಂಚೆಯ ಮೇವಿಸ್, ಕುರಿ ಸಾಕುವ ಬ್ಯಾಗ್‌ಶಾ,
ಬೇಲಿಯ ಜಗಳದಲ್ಲಿ ಮಾತು ಬಿಟ್ಟ ಅವನ ತಮ್ಮ.
ಕುಡಿದವರ ಹಾಗೆ ನಡೆದು ಒಳಗೆ ಬಂದು
ಆಮೇಲೆ ಕುಡಿದರು.

ಒಂಬತ್ತೂವರೆಗೆ ಆಲ್ಸಪ್.
ಹೊಸ್ತಿಲಲ್ಲೇ ನಿಂತು ಜೇಬಿನಿಂದ ಟೇಪು ತೆಗೆದು
ಚೌಕಟ್ಟು ಅಳೆದ, ಇನ್ನೊಮ್ಮೆ ಅಳೆದ.
ಟೋಪಿ ತೆಗೆದ. ಬಗ್ಗಿದ.
ಅಳತೆ ಗೊತ್ತಿದ್ದವನಿಗೇ ಹಣೆ ತಾಗಿತು.

ಐಸು ಬಟ್ಟೆಯಲ್ಲಿ ಕಟ್ಟಿ ಕೊಟ್ಟೆ,
ಮಿಕ್ಕಿದ್ದು ಅವನ ಲೋಟಕ್ಕೆ.
ಒಂದು ಕೈ ಹಣೆಯ ಮೇಲೆ, ಒಂದು ಲೋಟದ ಮೇಲೆ,
ಬಹಳ ಹೊತ್ತು ಬಾಗಿಲನ್ನೇ ನೋಡಿದ.

"ಯಾವ ಹಸಿರು ಇದು?"
"ನೀವು ಒಪ್ಪಿದ್ದು."
"ಚೆನ್ನಾಗಿಲ್ಲ,"
ಅಂದು, ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡ.